ಟ್ರ್ಯಾಕ್ಟರ್, ಅಪ್ಪ ಮತ್ತು ಅರ್ಧ ಸುತ್ತು ಸ್ಕ್ರೂ

ಬ್ಲಾಗಿನ ಮೇಲೆ ಧೂಳು ಕೂತು ಬಹಳ ದಿನ ಆಯ್ತು. "ಏನಪಾ, ಬರೆಯೋದು ಬಿಟ್ಟೇಬಿಟ್ಟೆಯಾ?" ಅಂತ ಇಬ್ಬರು ಗೆಳೆಯರು ಕೇಳಿಯೂ ಆಯ್ತು. ಬಿಟ್ಟಿಲ್ಲ. ಬರೆಯಬೇಕು ಅಂದುಕೊಂಡಿದ್ದ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬರೆಯದೆ ಬೇರೆ ಏನು ಬರೆಯಲು ಕೂತರೂ ಎರಡು ಸಾಲಿಗೇ ನಿಂತುಹೋಗುತ್ತಿತ್ತು. ಇವತ್ತು ಶನಿವಾರ, ರೂಮ್‌ಮೇಟ್ ಊರಿಗೆ ಹೋಗಿದ್ದಾನೆ, ಹೊರಗೆ ಸಣ್ಣಗೆ ಮಳೆ. ಇವತ್ತು ಬರೆದೇ ಬಿಡುತ್ತೇನೆ.

ವಿಷಯ ಡೀಸೆಲ್ ಇಂಜಿನ್ನಿಂದು. ಓಡಿಹೋಗಬೇಡ್ರಿ, ಸ್ವಲ್ಪ ನಿಲ್ಲ್ರಿ :-)

ನನ್ನೂರು ಹೂಲಿ. ಸವದತ್ತಿಯಿಂದ ಹತ್ತು ಕಿಲೋಮೀಟರಿನೊಳಗೆ. ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಅವರಲ್ಲಿ ನಮ್ಮೂರಿನ ಕಡೆ ಬರುವವರು ಕಡಿಮೆ. ಬಂದವರು ಪಂಚಲಿಂಗೇಶ್ವರ ಗುಡಿ ನೋಡುತ್ತಾರೆ, ಅಲ್ಲಲ್ಲಿ ಬಿದ್ದಿರುವ ಚಾಲುಕ್ಯರ ಕಾಲದ ಗುಡಿಗಳ ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಶಾಸನಗಳಲ್ಲಿ ನಮ್ಮೂರ ಹೆಸರು ಪೂಲಿ. ಬೆನ್ನಿಗೆ ಗುಡ್ಡ, ಎದುರಿಗೆ ಎರೆ ಹೊಲ. ಜೋಳ, ಕಡಲೆ, ಹತ್ತಿ, ನೀರಿದ್ದವರಿಗೆ ಕಬ್ಬು. ನಮ್ಮ ಮನೆಯಲ್ಲಿ ಅಪ್ಪ ಮತ್ತು ಕಾಕಾ ಸೇರಿ 2008ರಲ್ಲಿ ಸಾಲ ಮಾಡಿ ಒಂದು ಟ್ರ್ಯಾಕ್ಟರ್ ತಂದರು. ನಲವತ್ತೈದು ಎಚ್‌ಪಿ, ಮೂರು ಸಿಲಿಂಡರ್. ನನ್ನ ಹಾಸ್ಟೆಲ್ ಫೀ, ಅಕ್ಕನ ಮದುವೆ, ಅವ್ವನ ಕಣ್ಣಿನ ಆಪರೇಷನ್ ಎಲ್ಲಾ ಅದೇ ಎಳೆದದ್ದು.

ನಾನು ಓದಿದ್ದು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್. ಉಣ್ಣುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಅನ್ನ. ನನ್ನಂಥವರು ನಿಮ್ಮಲ್ಲೂ ಬಹಳ ಜನ ಇದ್ದೀರಿ, ಗೊತ್ತು. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಿರ್ಲೋಸ್ಕರ್ ಇಂಜಿನ್ ಇತ್ತು. ಒಂದೇ ಸಿಲಿಂಡರ್, ನಿಮಿಷಕ್ಕೆ 1500 ಸುತ್ತು. ಅದರ ಡ್ರಮ್ಮಿಗೆ ಹಗ್ಗ ಸುತ್ತಿ, ತೂಕ ಹಾಕಿ, ಡೀಸೆಲ್ ಎಷ್ಟು ಕುಡಿಯಿತು ಅಂತ ಸ್ಟಾಪ್‌ವಾಚ್ ಹಿಡಿದು ನೋಡುವುದು. ನಾಲ್ಕು ಜನ ನೋಡುತ್ತಿದ್ದೆವು, ನಲವತ್ತು ಜನ ಕಾಪಿ ಮಾಡುತ್ತಿದ್ದೆವು. ಕೊನೆಗೆ 'ಹೀಟ್ ಬ್ಯಾಲೆನ್ಸ್ ಶೀಟ್' ಬರೆಯಬೇಕು. ಸುಟ್ಟ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕೆಲಸಕ್ಕೆ, ಇನ್ನೊಂದು ಪಾಲು ಸೈಲೆನ್ಸರ್ ದಾರಿಯಲ್ಲಿ ಹೊಗೆ ಜೊತೆ, ಉಳಿದದ್ದು ಹೆಚ್ಚುಕಡಿಮೆ ಎಲ್ಲಾ ತಂಪು ಮಾಡುವ ನೀರಿಗೆ. ಪರೀಕ್ಷೆಯಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ತಗೊಂಡಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಆ ಇಂಜಿನ್ ನೋಡಿದಾಗೆಲ್ಲ ನನಗೊಂದು ಸುಳ್ಳು ಹೆಮ್ಮೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿ, ಕಬ್ಬಿಣದ ನೇಗಿಲು ಮಾಡಿ, ಆಮೇಲೆ ಕಿರ್ಲೋಸ್ಕರವಾಡಿ ಕಟ್ಟಿದ ಮನುಷ್ಯ. "ನಮ್ಮ ಊರ ಕಡೆಯವ್ರ ಹೆಸರಿನ ಇಂಜಿನ್ನು" ಅಂತ ಬೇರೆ ಜಿಲ್ಲೆಯ ಹುಡುಗರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಕೊಚ್ಚಿಕೊಂಡದ್ದು ಬಿಟ್ಟರೆ ಒಂದು ದಿನವೂ ಇಂಜಿನ್ನಿನ ಮೇಲೆ ಪಾನಾ ಇಟ್ಟವನಲ್ಲ.

ಹೋದ ವರ್ಷ ಡಿಸೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋದೆ. ಕಬ್ಬಿನ ಸೀಜನ್. ಕಾಕಾನ ಮಗ, ನಾವೆಲ್ಲಾ 'ಸಣ್ಣಾಂವ' ಅಂತೀವಿ, ಈಗ ಟ್ರ್ಯಾಕ್ಟರ್ ಓಡಿಸುವವನು ಅವನೇ. ನಾನು ಬ್ಯಾಗ್ ಇಳಿಸುವುದಕ್ಕೂ ಬಿಡಲಿಲ್ಲ.

"ಅಣ್ಣಾ, ಗಾಡಿ ದಮ್ಮ ಹಿಡಿಯಾಕತ್ತಿಲ್ಲ ನೋಡು. ಎರಡು ಟ್ರೇಲರ್ ಹಾಕಿದ್ರ ಏರಿನ್ಯಾಗ ಉಸಿರ ಬಿಡತೈತಿ. ಫ್ಯಾಕ್ಟರಿ ಮುಂದ ಪಾಳಿ ಹಚ್ಚಿ ನಿಂತಾಗ ಸ್ಲೋ ಮ್ಯಾಲೆ ಬಂದಾಗತೈತಿ. ಬ್ಯಾಟ್ರಿ ಬ್ಯಾರೆ ಸತ್ತೈತಿ, ಒಮ್ಮೆ ಬಂದ್ ಆದ್ರ ದಬ್ಬಾಕ ನಾಕ ಮಂದಿ ಬೇಕು. ನೀ ಇಂಜಿನಿಯರ್ ಅದಿ, ಪಂಪಿನ ಸೀಲ್ ತಗದು ಒಂದೀಟು ಏರಿಸಿಬಿಡು."

ಇಲ್ಲಿ ಸ್ವಲ್ಪ ವಿವರಣೆ ಬೇಕು. ಪೆಟ್ರೋಲ್ ಬೈಕಿನಲ್ಲಿ ಎಕ್ಸಲರೇಟರ್ ತಿರುಗಿಸಿದರೆ ಒಳಗೆ ಹೋಗುವ ಗಾಳಿ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಪೆಟ್ರೋಲ್. ನಮ್ಮ ಟ್ರ್ಯಾಕ್ಟರಿನಂಥ ಡೀಸೆಲ್ ಇಂಜಿನ್ನಿನಲ್ಲಿ ಗಾಳಿಗೆ ತಡೆಯೇ ಇಲ್ಲ. ಪ್ರತಿ ಸಲವೂ ಸಿಲಿಂಡರ್ ತುಂಬ ಗಾಳಿ ಎಳೆದುಕೊಳ್ಳುತ್ತದೆ, ಅದನ್ನು ಹದಿನಾರು ಹದಿನೇಳು ಪಟ್ಟು ಒತ್ತುತ್ತದೆ. ಒತ್ತಿದ ಗಾಳಿ ಕಾದು ಕೆಂಡವಾಗುತ್ತದೆ, ಅದರೊಳಗೆ ನಾಝಲ್ಲಿನಿಂದ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಶಕ್ತಿ ಎಷ್ಟು ಬೇಕು ಅನ್ನುವುದನ್ನು ತೀರ್ಮಾನಿಸುವುದು ಡೀಸೆಲ್ಲಿನ ಅಳತೆ ಮಾತ್ರ. ಆ ಅಳತೆ ಎಷ್ಟು ಗೊತ್ತೇನು? ನಮ್ಮಂಥ ಟ್ರ್ಯಾಕ್ಟರ್ ಪೂರ್ತಿ ಭಾರ ಎಳೆಯುವಾಗ ಗಂಟೆಗೆ ಹತ್ತು ಲೀಟರ್ ಕುಡಿಯುತ್ತದೆ ಅಂತಿಟ್ಟುಕೊಳ್ಳಿ. 2000 ಸುತ್ತಿನಲ್ಲಿ ಮೂರು ಸಿಲಿಂಡರಿಗೆ ಗಂಟೆಗೆ 1,80,000 ಸಲ ಸಿಂಪಡಿಸಬೇಕು. ಭಾಗಿಸಿ ನೋಡಿ, ಒಂದು ಸಲಕ್ಕೆ ಬರುವುದು ಒಂದೇ ಒಂದು ಹನಿ. ಸುಮ್ಮನೆ ನಿಂತು ಓಡುವಾಗ ಅದರಲ್ಲೂ ಚೂರೇ ಚೂರು.

ಈ ಹನಿ ಅಳೆಯುವುದು ಪಂಪು. ಪಂಪಿಗೆ ಅಂಟಿಕೊಂಡೇ ಗವರ್ನರ್ ಇರುತ್ತದೆ. ತಿರುಗುವ ಎರಡು ತೂಕಗಳು. ವೇಗ ಹೆಚ್ಚಾದರೆ ಅಗಲವಾಗಿ ಡೀಸೆಲ್ ಕಡಿಮೆ ಮಾಡುತ್ತವೆ, ವೇಗ ಇಳಿದರೆ ಹತ್ತಿರ ಬಂದು ಡೀಸೆಲ್ ಹೆಚ್ಚಿಸುತ್ತವೆ. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿ ಇಂಜಿನ್ನಿಗೆ ಹಾಕಿದ ಅದೇ ಉಪಾಯ. ಮ್ಯಾಕ್ಸ್‌ವೆಲ್ 1868ರಲ್ಲಿ ಇದರ ಗಣಿತದ ಮೇಲೇ ಒಂದು ಪ್ರಬಂಧ ಬರೆದ. ನೀವು ಟ್ರ್ಯಾಕ್ಟರಿನ ಎಕ್ಸಲರೇಟರ್ ಒತ್ತಿದಾಗ ನೇರವಾಗಿ ಡೀಸೆಲ್ ಸುರಿಯುತ್ತಿಲ್ಲ. "ಇಷ್ಟು ವೇಗ ಬೇಕಪ್ಪಾ" ಅಂತ ಗವರ್ನರಿಗೆ ಅರ್ಜಿ ಕೊಡುತ್ತಿದ್ದೀರಿ, ಅಷ್ಟೇ.

ಇದಕ್ಕೆ ಮುಖ್ಯವಾಗಿ ಮೂರು ಕಡೆ ಸ್ಕ್ರೂ. ಒಂದು, ಸ್ಲೋ ಸ್ಕ್ರೂ: ನಿಂತಾಗ ಎಷ್ಟು ಸುತ್ತಿಗಿಂತ ಕೆಳಗೆ ಇಳಿಯಬಾರದು ಅನ್ನುವುದು. ಎರಡು, ಗರಿಷ್ಠ ವೇಗದ ಸ್ಕ್ರೂ. ಮೂರು, ಗರಿಷ್ಠ ಡೀಸೆಲ್ಲಿನ ಸ್ಕ್ರೂ: ಎಷ್ಟೇ ಭಾರ ಬಿದ್ದರೂ ಒಂದು ಸಲಕ್ಕೆ ಇದಕ್ಕಿಂತ ದೊಡ್ಡ ಹನಿ ಕೊಡಬೇಡ ಅನ್ನುವ ಗಡಿ. ಮೊದಲನೆಯದನ್ನು ಯಾರು ಬೇಕಾದರೂ ಮುಟ್ಟಬಹುದು. ನಮ್ಮ ಪಂಪಿನಲ್ಲಿ ಮಿಕ್ಕ ಎರಡಕ್ಕೂ ತಂತಿ ಸುತ್ತಿ ಸೀಸದ ಮುದ್ರೆ ಹಾಕಿ ಕಳಿಸಿದ್ದರು. ಸುಮ್ಮನೆ ಹಾಕಿರುತ್ತಾರೇನು?

ಅವತ್ತು ಸಂಜೆ ಅಪ್ಪ ಹೊಲಕ್ಕೆ ಹೋಗಿದ್ದಾಗ ಕಟಿಂಗ್ ಪ್ಲೇಯರಿನಿಂದ ಆ ತಂತಿ ಹರಿದೆ. ಲಾಕ್ ನಟ್ ಸಡಿಲ ಮಾಡಿ ಅರ್ಧ ಸುತ್ತು ತಿರುಗಿಸಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡೇ ಮಾಡಿದ್ದು. ಸ್ಲೋ ಸ್ಕ್ರೂ ಕೂಡ ಅರ್ಧ ಸುತ್ತು ಏರಿಸಿದೆ. ಚಾಲೂ ಮಾಡಿದ ಕೂಡಲೇ ಸೈಲೆನ್ಸರಿನಿಂದ ಕರ್ರಗೆ ಹೊಗೆ. ಸಣ್ಣಾಂವ ಕುಣಿದಾಡಿದ. "ಅಣ್ಣಾ, ಬೆಂಕಿ ಬೆಂಕಿ!" ನಮ್ಮ ಕಡೆ ಟ್ರ್ಯಾಕ್ಟರ್ ಜಗ್ಗಾಟಕ್ಕೆ ಹೋಗುವ ಹುಡುಗರಿಗೆ ಕರಿ ಹೊಗೆ ಅಂದರೆ ಶಕ್ತಿ. ನನಗೆ ಗೊತ್ತಿರಬೇಕಾಗಿತ್ತು, ಕರಿ ಹೊಗೆ ಅಂದರೆ ಸುಡದೆ ಉಳಿದ ಡೀಸೆಲ್, ಅಂದರೆ ಅಷ್ಟು ಗಾಳಿ ಒಳಗಿಲ್ಲ ಅಂತ. ಗೊತ್ತೂ ಇತ್ತು. ಆದರೆ ಇಷ್ಟು ವರ್ಷಕ್ಕೆ ಒಮ್ಮೆ ಮನೆಯಲ್ಲಿ "ನೀ ಇಂಜಿನಿಯರ್ ಅದಿ" ಅಂದಾಗ ಅದು ನಿಜ ಆದಂತೆ ಅನ್ನಿಸಿತ್ತು ನೋಡಿ... ಆ ಖುಷಿಯಲ್ಲಿ ಗೊತ್ತಿದ್ದದ್ದು ಯಾವ ಮೂಲೆಗೆ ಹೋಯಿತೋ.

ಎರಡು ದಿನ ಗಾಡಿ ಚೆನ್ನಾಗಿ ಎಳೆಯಿತು. ಮೂರನೇ ದಿನ ನಾನೂ ಮಡ್‌ಗಾರ್ಡ್ ಮೇಲೆ ಕೂತು ಹೊರಟೆ. ಎರಡು ಟ್ರೇಲರ್ ತುಂಬ ಕಬ್ಬು. ಏರು ಬಂದಾಗ ಅಪ್ಪ ಯಾವಾಗಲೂ ಕೆಳಗಿಳಿದು ಹಿಂದೆ ನಡೆಯುತ್ತಾರೆ, ಕೈಯಲ್ಲಿ ಒಂದು ಕಲ್ಲು. ಗಾಡಿ ನಿಂತರೆ ಗಾಲಿಗೆ ಕೊಡುವುದಕ್ಕೆ. ಟ್ರೇಲರಿಗೆ ಬ್ರೇಕ್ ಇಲ್ಲವಲ್ಲ. "ಇನ್ನೇನ ಕಲ್ಲ ಬ್ಯಾಡ ದೊಡ್ಡಪ್ಪಾ, ಗಾಡಿ ಈಗ ಆನಿ ಆಗೈತಿ" ಅಂತ ಸಣ್ಣಾಂವ ನಕ್ಕ. ಅಪ್ಪ ಏನೂ ಅನ್ನದೆ ಇಳಿದರು.

ಏರಿನ ಅರ್ಧಕ್ಕೆ ರೇಡಿಯೇಟರ್ ಕುದಿಯಿತು. ಉಗಿ ಬಾನೆಟ್ಟಿನಿಂದ ಮೇಲೆದ್ದಿತು. ನಾನು ನಿಲ್ಲಿಸು ಅನ್ನುವುದರೊಳಗೆ ಡಬ್ ಅಂತ ಒಂದು ಸದ್ದು ಬಂದು ಇಂಜಿನ್ ಸತ್ತಿತು. ಹೆಡ್ ಗ್ಯಾಸ್ಕೆಟ್ ಒಡೆದಿತ್ತು. ಸಣ್ಣಾಂವ ಬ್ರೇಕ್ ಮೇಲೆ ನಿಂತೇಬಿಟ್ಟ. ಆದರೆ ಅಷ್ಟು ಭಾರವನ್ನು ಟ್ರ್ಯಾಕ್ಟರಿನ ಎರಡು ಗಾಲಿ ಎಲ್ಲಿ ಹಿಡಿಯಬೇಕು? ಹಿಂದಕ್ಕೆ ಜಾರತೊಡಗಿತು. ನಾಲ್ಕು ಅಡಿ, ಆರು ಅಡಿ... ಹಿಂದಿನ ಟ್ರೇಲರ್ ಅಡ್ಡ ತಿರುಗಿ ರಸ್ತೆ ಪಕ್ಕದ ಒಡ್ಡಿಗೆ ಒರಗಿ ನಿಂತಿತು.

ನಾನು ಜಿಗಿದು ಹಿಂದಕ್ಕೆ ಓಡಿದೆ. "ಅಪ್ಪಾ" ಅಂತ ಕೂಗಿದ್ದು ನನಗೇ ಕೇಳಿಸಲಿಲ್ಲ. ಕಲ್ಲು ಗಾಲಿಯ ಕೆಳಗಿತ್ತು. ಕಲ್ಲಿನ ಪಕ್ಕದಲ್ಲಿ, ಗಾಲಿಯ ಕೆಳಗೇ, ಅಪ್ಪನ ಹೆಗಲ ಮೇಲಿರುತ್ತಿದ್ದ ಟಾವೆಲ್ ಇತ್ತು. ಅಪ್ಪ ಒಡ್ಡಿನ ಮೇಲೆ ಕೂತಿದ್ದರು. ಮೊಣಕೈ ತರಚಿತ್ತು, ಅಷ್ಟೇ.

ಅಷ್ಟೇ ಅಂತ ಬರೆದೆ. ಈಗಲೂ ರಾತ್ರಿ ನನಗೆ ಮೊದಲು ಕಾಣುವುದು ಆ ಟಾವೆಲ್.

ಯಾರೋ ಬೇರೆ ಟ್ರ್ಯಾಕ್ಟರಿನವರು ಬಂದು ಟ್ರೇಲರ್ ಎಳೆದುಕೊಂಡು ಹೋಗುವವರೆಗೆ ಮೂವರೂ ಅಲ್ಲೇ ಕೂತಿದ್ದೆವು. ನಾನು ಹೇಳಬೇಕು ಅಂತ ಬಾಯಿ ತೆರೆದೆ. "ಅಪ್ಪಾ, ಪಂಪಿಂದು ಸೀಲ್ ನಾನ..."

ಅಪ್ಪ ಅಂಗಿ ಜೇಬಿಗೆ ಕೈ ಹಾಕಿ ಒಂದು ತಂತಿ ತುಂಡು ತೆಗೆದರು. ತುದಿಯಲ್ಲಿ ಸೀಸದ ಗುಂಡು. ಅವತ್ತೇ ಅಂಗಳದಲ್ಲಿ ಸಿಕ್ಕಿತ್ತಂತೆ.

"ಗೊತ್ತಿತ್ತ? ಮತ್ತ ಯಾಕ ಕೇಳಲಿಲ್ಲ?"

"ನೀ ಕಲತಾಂವ ಅದಿ. ತಿಳದ ಮಾಡಿರ್ತಿ ಅಂದ್ಕೊಂಡೆ."

ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು. ಎಸ್ಸೆಸ್ಸೆಲ್ಸಿವರೆಗೂ ಓದದ ಮನುಷ್ಯ, ನಲವತ್ತು ವರ್ಷ ಇಂಜಿನ್ ಜೊತೆ ಬದುಕಿದವರು, ತಮ್ಮ ಅನುಮಾನವನ್ನು ನನ್ನ ಸರ್ಟಿಫಿಕೇಟಿನ ಮುಂದೆ ನುಂಗಿಕೊಂಡಿದ್ದರು. ಆ ನಂಬಿಕೆಗೆ ನಾನು ಏನು ಕೊಟ್ಟೆ? ಮೊಬೈಲಿನಲ್ಲಿ ನೋಡಿದ ಐದು ನಿಮಿಷದ ವಿಡಿಯೋ.

ಸವದತ್ತಿಯಿಂದ ಮಿಸ್ತ್ರಿ ಬಂದರು. ಅವರು ಪಂಪಿನ ಕಡೆ ನೋಡಲೇ ಇಲ್ಲ. ಮೊದಲು ಏರ್ ಕ್ಲೀನರಿನ ಕೆಳಗಿನ ಬಟ್ಟಲು ಬಿಚ್ಚಿ ನನ್ನ ಮುಂದೆ ಹಿಡಿದರು. ನಮ್ಮ ಟ್ರ್ಯಾಕ್ಟರಿನಲ್ಲಿ ಬರುವ ಗಾಳಿ ಈ ಬಟ್ಟಲಿನ ಆಯಿಲ್ ಮೇಲೆ ಹಾದು, ಧೂಳು ಅಲ್ಲೇ ಬಿಟ್ಟು ಒಳಗೆ ಹೋಗುತ್ತದೆ. ಅದರಲ್ಲಿ ಆಯಿಲ್ ಇರಲಿಲ್ಲ, ಎರೆ ಮಣ್ಣಿನ ಮುದ್ದೆ ಇತ್ತು. ಮೇಲಿನ ಜಾಳಿಗೆಯೂ ಕಟ್ಟಿತ್ತು. ಡೀಸೆಲ್ ಫಿಲ್ಟರ್ ಬದಲಿಸಿ ಎಷ್ಟು ದಿನವಾಗಿತ್ತೋ ಸಣ್ಣಾಂವನಿಗೆ ನೆನಪಿರಲಿಲ್ಲ. ರೇಡಿಯೇಟರಿನ ಸಂದಿಯಲ್ಲೆಲ್ಲ ಕಬ್ಬಿನ ರವದಿ.

"ಇದಕ್ಕ ಉಸಿರ ಕಟ್ಟಿತ್ತ್ರಿ. ನೀವು ಇನ್ನಷ್ಟ ಉಣ್ಣಾಕ ಕೊಟ್ರಿ" ಅಂದರು ಮಿಸ್ತ್ರಿ.

ಆಮೇಲೆ ಲೆಕ್ಕ ಮಾಡಿದೆ. ಒಂದು ಕೆಜಿ ಡೀಸೆಲ್ ಪೂರ್ತಿ ಸುಡಲು ಸುಮಾರು ಹದಿನಾಲ್ಕೂವರೆ ಕೆಜಿ ಗಾಳಿ ಬೇಕು. ಅಂದರೆ ಒಂದು ಲೀಟರ್ ಡೀಸೆಲ್ಲಿಗೆ ಕಡಿಮೆ ಅಂದರೂ ಹತ್ತು ಸಾವಿರ ಲೀಟರ್ ಗಾಳಿ. ನಾವು ಡೀಸೆಲ್ ಲೆಕ್ಕ ಇಡುತ್ತೇವೆ, ರೊಕ್ಕ ಕೊಡುತ್ತೇವಲ್ಲ. ಗಾಳಿಯ ಲೆಕ್ಕ ಯಾರು ಇಡುತ್ತಾರೆ? ನಮ್ಮ ಇಂಜಿನ್ನಿಗೆ ಶಕ್ತಿ ಕಡಿಮೆ ಇರಲಿಲ್ಲ, ಗಾಳಿ ಕಡಿಮೆ ಇತ್ತು. ಅದರ ಮೇಲೆ ಡೀಸೆಲ್ ಏರಿಸಿದಾಗ ಸ್ವಲ್ಪ ಜೋರು ಬಂದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ಬಂದದ್ದು ಹೊಗೆ ಮತ್ತು ಶಾಖ. ಆ ಶಾಖದ ದೊಡ್ಡ ಪಾಲು ಹೋಗಿದ್ದು ರವದಿ ಕಟ್ಟಿದ ರೇಡಿಯೇಟರಿಗೆ. ಹತ್ತಕ್ಕೆ ಹತ್ತು ತಗೊಂಡ ಹೀಟ್ ಬ್ಯಾಲೆನ್ಸ್ ಶೀಟ್ ನೆನಪಿದೆಯಲ್ಲ? ಅದೇ. ಸ್ಲೋ ಮೇಲೆ ಬಂದ್ ಆಗುತ್ತಿದ್ದುದಕ್ಕೂ ಸ್ಕ್ರೂ ಕಾರಣ ಅಲ್ಲ. ಕಟ್ಟಿದ ಫಿಲ್ಟರ್ ಮತ್ತು ಡೀಸೆಲ್ ಪೈಪಿನಲ್ಲಿ ಏರ್ ಹಿಡಿದದ್ದು.

ಆಫೀಸಿನಲ್ಲಿ ಇದನ್ನೇ ನಾವು ದಿನಾ ಮಾಡುವುದಿಲ್ಲವೇ? ಸರ್ವರ್ ನಿಧಾನ ಆಯ್ತು ಅಂದರೆ ಮೆಮೊರಿ ಏರಿಸು, ಟೈಮ್‌ಔಟ್ ಏರಿಸು. ಎರಡು ದಿನ ಚೆನ್ನಾಗಿ ಓಡುತ್ತದೆ. ಎಲ್ಲಿ ಸೋರುತ್ತಿದೆ, ಎಲ್ಲಿ ಕಟ್ಟಿದೆ ಅಂತ ಯಾರೂ ನೋಡುವುದಿಲ್ಲ. ಆದರೆ ನಮ್ಮ ಸರ್ವರಿನ ಹಿಂದೆ ಕಲ್ಲು ಹಿಡಿದು ನಡೆಯುವವರು ನಮಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಪಂಪ್ ಬಿಚ್ಚಿ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಒಯ್ದೆವು. ನಮ್ಮ ಕಡೆ ಇವತ್ತಿಗೂ ಪಂಪ್ ಅಂದರೆ 'ಮೈಕೋ ಪಂಪ್'. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ. 2008ರಲ್ಲಿ ಹೆಸರು ಬಾಷ್ ಅಂತ ಆದರೂ ನಮ್ಮ ಮಿಸ್ತ್ರಿಗಳ ಬಾಯಲ್ಲಿ ಬದಲಾಗಿಲ್ಲ. ನಾನಿರುವುದು ಮೈಕೋ ಲೇಔಟ್ ಪಕ್ಕದಲ್ಲೇ. ದಿನಾ ಬೋರ್ಡ್ ಓದುತ್ತಿದ್ದೆ, ಒಂದು ದಿನವೂ ಯೋಚಿಸಿರಲಿಲ್ಲ :-( ಅಂಗಡಿಯಲ್ಲಿ ಪಂಪನ್ನು ಒಂದು ಮಷೀನಿನ ಮೇಲೆ ಕೂರಿಸಿ ತಿರುಗಿಸುತ್ತಾರೆ. ಎದುರಿಗೆ ಗಾಜಿನ ಕೊಳವೆಗಳು, ಸಿಲಿಂಡರಿಗೊಂದು. ಇಷ್ಟು ಸಲ ಸಿಂಪಡಿಸಿದರೆ ಎಷ್ಟು ಸಿಸಿ ಬಿತ್ತು ಅಂತ ಅಳೆದು, ಮೂರೂ ಸಮ ಮಾಡಿ, ಕಂಪನಿಯ ಚಾರ್ಟಿನಂತೆ ಗಡಿ ಹಾಕಿ, ಹೊಸ ಮುದ್ರೆ ಒತ್ತುತ್ತಾರೆ. ನಾನು ಕಣ್ಣಂದಾಜಿನಲ್ಲಿ ಅರ್ಧ ಸುತ್ತು ತಿರುಗಿಸಿದ್ದು ಇದನ್ನು. ಗ್ಯಾಸ್ಕೆಟ್, ಹೆಡ್ ಕೆಲಸ, ಪಂಪ್ ಎಲ್ಲಾ ಸೇರಿ ನನ್ನ ಅರ್ಧ ತಿಂಗಳ ಸಂಬಳ ಹೋಯಿತು. ಸೀಜನ್ನಿನ ಒಂಬತ್ತು ದಿನ ಗಾಡಿ ನಿಂತಿತು, ಅದು ಕಾಕಾನ ಲೆಕ್ಕದಲ್ಲಿ.

ಹೊಸ ಟ್ರ್ಯಾಕ್ಟರುಗಳಲ್ಲಿ ಈ ಸ್ಕ್ರೂ ಇಲ್ಲದಾಗುತ್ತಿದೆ. ಐವತ್ತು ಎಚ್‌ಪಿ ಮೇಲಿನವಕ್ಕೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ ಮೇಲೆ ಹೆಚ್ಚಾಗಿ ಕಂಪ್ಯೂಟರೇ ಹನಿ ಅಳೆಯುತ್ತದೆ. ಅಂದರೆ ಸೀಸದ ಮುದ್ರೆ ಈಗ ನಮ್ಮಂಥವರ ಕೋಡಿನೊಳಗೆ ಬಂದಿದೆ. ಅದನ್ನೂ ಹರಿಯುವವರಿದ್ದಾರೆ. 2015ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಕಥೆ ನಿಮಗೆ ಗೊತ್ತು. ಪರೀಕ್ಷೆ ನಡೆಯುತ್ತಿದೆ ಅಂತ ಗುರುತು ಹಿಡಿದು ಆಗ ಮಾತ್ರ ಹೊಗೆ ಕಡಿಮೆ ಬಿಡುವ ಸಾಫ್ಟ್‌ವೇರ್, ಸುಮಾರು 1.1 ಕೋಟಿ ಕಾರುಗಳಲ್ಲಿ. ಆ ಕೋಡ್ ಬರೆದದ್ದೂ ನಮ್ಮಂಥವರೇ.

ಹೊರಡುವ ಹಿಂದಿನ ದಿನ ಸ್ಲೋ ಹೊಂದಿಸುವ ಕೆಲಸ ಬಾಕಿ ಇತ್ತು. ಈ ಸಲ ಅಪ್ಪನನ್ನು ಕರೆದೆ. ಇಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿದೆವು. ತಣ್ಣಗಿದ್ದಾಗ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ. ಲಾಕ್ ನಟ್ ಸಡಿಲಿಸಿ ಕಾಲು ಸುತ್ತಿನಷ್ಟೇ ತಿರುಗಿಸುತ್ತಾ ಹೋದೆ.

"ಇನ್ನೊಂದೀಟ ಏರಸು" ಅಂದರು ಅಪ್ಪ.

ಮಿಸ್ತ್ರಿಯಿಂದ ತಂದಿದ್ದ ಮೀಟರಿನಲ್ಲಿ ಆಗಲೇ 700 ತೋರಿಸುತ್ತಿತ್ತು. ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ. "ಸರಿ ಐತಿ ಅಪ್ಪಾ" ಅಂದೆ. ಅಪ್ಪ ಮತ್ತೆ "ಏರಸು, ಸಪ್ಪಳ ಬರವಲ್ದು" ಅಂದರು. ಆಗ ನನಗೆ ತಿಳಿಯಿತು. ಕೇಳಿಸುತ್ತಿಲ್ಲ. ನಲವತ್ತು ವರ್ಷ ಇಂಜಿನ್ನಿನ ಪಕ್ಕ ಕೂತ ಕಿವಿ. ಫೋನಿನಲ್ಲಿ ನಾನು ಹೇಳಿದ್ದಕ್ಕೆಲ್ಲ "ಹೂಂ ಹೂಂ" ಅನ್ನುತ್ತಿದ್ದುದು ಯಾಕೆ ಅಂತಲೂ ಅವತ್ತೇ ತಿಳಿಯಿತು.

ಅಪ್ಪನ ಕೈ ಹಿಡಿದು ಮಡ್‌ಗಾರ್ಡಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ನಡುಕ ಸಮ ಇತ್ತು.

"ಹಾಂ, ಸಾಕು ಬಿಡು" ಅಂದರು. ಲಾಕ್ ನಟ್ ಬಿಗಿ ಮಾಡಿದೆ.

ನಿಮ್ಮ ಊರಿನಲ್ಲಿ ಟ್ರ್ಯಾಕ್ಟರ್ ಇದ್ದರೆ, ಯಾರಾದರೂ ಪಂಪ್ ಏರಿಸು ಅಂದರೆ, ಮೊದಲು ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ನೋಡಿ. ಆಮೇಲೆ ಡೀಸೆಲ್ ಫಿಲ್ಟರ್, ಆಮೇಲೆ ನಾಝಲ್, ರೇಡಿಯೇಟರ್. ಮುದ್ರೆ ಇದ್ದ ಸ್ಕ್ರೂ ಅಂಗಡಿಯವರ ಮಷೀನಿಗೆ ಬಿಟ್ಟುಬಿಡಿ.

ಸಂಕ್ರಾಂತಿಗೆ ಮತ್ತೆ ಹೋದಾಗ ಅಪ್ಪನನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಕಿವಿ ತೋರಿಸಿದೆ. ಮಷೀನ್ ಹಾಕಿಕೊಳ್ಳಿ ಅಂದರು ಡಾಕ್ಟರು. ಹಾಕಿಕೊಂಡ ಮೇಲೆ ಅಪ್ಪ ಮೊದಲು ಹೇಳಿದ್ದು, "ನಿಮ್ಮವ್ವ ಇಷ್ಟ ಮಾತಾಡ್ತಿದ್ಲ?" ಅಂತ :-)